ಹಾಸಿಗೆ ಸೆಕೆ ಹಿಡಿದಿಡುತ್ತದಾ, ಅಲುಗಾಟ ದಾಟಿಸುತ್ತದಾ? ಮನೆಯಲ್ಲೇ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಅಂಗಡಿಯಲ್ಲಿ ಅಂಗೈ ಒತ್ತಿ ನೋಡಿದಾಗ ತಣ್ಣಗಿತ್ತು. ಎರಡು ನಿಮಿಷ ಮಲಗಿ ನೋಡಿದಾಗ ಹಾಯಾಗಿತ್ತು. ಮನೆಗೆ ತಂದ ಮೂರನೇ ರಾತ್ರಿ ಬೆನ್ನೆಲ್ಲ ಬೆವರು. ಪಕ್ಕದವರು ಮಗ್ಗುಲು ಬದಲಿಸಿದರೆ ಸಾಕು, ಎಚ್ಚರ. ಇದೇ ಕಥೆಯನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಅವರೆಲ್ಲ ಪರೀಕ್ಷೆ ಮಾಡದೆ ಕೊಂಡವರಲ್ಲ. ಪರೀಕ್ಷೆ ಮಾಡಿದ್ದರು, ಆದರೆ ಮಾಡಿದ ರೀತಿ ಸರಿ ಇರಲಿಲ್ಲ.

ತಪ್ಪುವುದು ಹೆಚ್ಚಾಗಿ ಮೂರು ಕಡೆ. ಬಿಸಿಯನ್ನು ತೀರಾ ಬೇಗ ಅಳೆಯುತ್ತಾರೆ. ಅಲುಗಾಟವನ್ನು ಖಾಲಿ ಹಾಸಿಗೆಯ ಮೇಲೆ ಅಳೆಯುತ್ತಾರೆ. ಮಂಚ, ಪ್ರೊಟೆಕ್ಟರ್ (ಹಾಸಿಗೆ ಒದ್ದೆಯಾಗದಂತೆ ಶೀಟಿನ ಕೆಳಗೆ ಹಾಕುವ ಹೊದಿಕೆ), ಬೆಡ್‌ಶೀಟ್ ಎಲ್ಲದರ ತಪ್ಪನ್ನೂ ಹಾಸಿಗೆಯ ತಲೆಗೆ ಕಟ್ಟುತ್ತಾರೆ. ಅದಕ್ಕೇ ಈ ಬರಹದಲ್ಲಿ ಕ್ರಮಕ್ಕೆ ಒತ್ತು ಜಾಸ್ತಿ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಮೊದಲ ಹಂತದಲ್ಲಿ ಬಿಟ್ಟ ಸಣ್ಣ ವಿಷಯ ಐದನೇ ಹಂತದ ಅಂಕಿಯನ್ನು ಕೆಡಿಸುತ್ತದೆ.

## ನಾವು ಅಳೆಯುವುದು ಏನನ್ನು?

ಮಲಗಿರುವ ಮನುಷ್ಯನ ಮೈಯಿಂದ ಸುಮಾರು 70 ವ್ಯಾಟ್ ಶಾಖ ಹೊರಬೀಳುತ್ತಲೇ ಇರುತ್ತದೆ. ಹಳೆಯ ಕಾಲದ ಒಂದು ಸಣ್ಣ ಬಲ್ಬು ರಾತ್ರಿಯಿಡೀ ಉರಿದ ಹಾಗೆ. ಮೇಲಿನ ಮೈಯ ಶಾಖ ಗಾಳಿಗೆ ಹೋಗುತ್ತದೆ. ಬೆನ್ನಿನ ಕಡೆಯದು ಹಾಸಿಗೆಯನ್ನೇ ದಾಟಿ ಹೋಗಬೇಕು. ಅದರ ಜೊತೆಗೆ ನಮಗೆ ಗೊತ್ತಾಗದಂತೆ ಚರ್ಮದಿಂದ ತೇವವೂ ಹೊರಬರುತ್ತದೆ.

ಹಾಗಾಗಿ ಬಿಸಿಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಮೂರು. ಒಂದು ಗಂಟೆಯ ಹೊತ್ತಿಗೆ ಬೆನ್ನಡಿಯ ಬಿಸಿ ಎಲ್ಲಿಗೆ ಬಂದು ನಿಲ್ಲುತ್ತದೆ? ತೇವ ಎಷ್ಟು ಕೂಡುತ್ತದೆ? ಎದ್ದ ಮೇಲೆ ಬಿಸಿ ಆರಲು ಎಷ್ಟು ಹೊತ್ತು? ಮುಟ್ಟಿದ ತಕ್ಷಣ ತಣ್ಣಗಿದೆಯಾ ಎಂಬುದು ಈ ಪಟ್ಟಿಯಲ್ಲಿ ಇಲ್ಲ, ಗಮನಿಸಿ. ಜೆಲ್ ಇರುವ ಫೋಮ್, ತಂಪು ಕೊಡುವ ಬಟ್ಟೆ ಇವೆಲ್ಲ ಮೊದಲ ಸ್ಪರ್ಶಕ್ಕೆ ಕೈಯ ಶಾಖವನ್ನು ಬೇಗ ಹೀರುತ್ತವೆ, ಅಷ್ಟೇ. ಹೀರಿ ತುಂಬಿದ ಮೇಲೆ ಅವೂ ಬೆಚ್ಚಗಾಗುತ್ತವೆ.

ಅಲುಗಾಟದಲ್ಲೂ ಹಾಗೇ. ಒಂದು ಬದಿಯ ಕುಲುಕು ಇನ್ನೊಂದು ಬದಿಗೆ ಎಷ್ಟು ಮುಟ್ಟುತ್ತದೆ, ಮುಟ್ಟಿದ್ದು ಎಷ್ಟು ಹೊತ್ತು ತೂಗಾಡುತ್ತದೆ. ಇವು ಬೇರೆ ಬೇರೆ ವಿಷಯ. ಜೋರಾಗಿ ಬಂದು ತಟ್ಟನೆ ನಿಲ್ಲುವ ಅಲುಗಾಟವನ್ನು ಕೆಲವರು ನಿದ್ದೆಯಲ್ಲಿ ತಡೆದುಕೊಳ್ಳುತ್ತಾರೆ. ಮೆಲ್ಲಗೆ ಬಂದರೂ ತೂಗುತ್ತಲೇ ಇದ್ದರೆ ಅವರಿಗೇ ಎಚ್ಚರವಾಗುತ್ತದೆ.

## ಬೇಕಾದ ಸಾಮಾನು

- ತುದಿಯಲ್ಲಿ ಸೆನ್ಸರ್ ಇರುವ, ಉದ್ದ ತಂತಿಯ ಡಿಜಿಟಲ್ ಥರ್ಮಾಮೀಟರ್. ಎರಡಿದ್ದರೆ ಒಳ್ಳೆಯದು, ಒಂದು ಹಾಸಿಗೆಗೆ, ಒಂದು ಕೋಣೆಗೆ.
- ತೇವಾಂಶ ತೋರಿಸುವ ಸಣ್ಣ ಮೀಟರ್.
- ಅಲುಗಾಟ ಅಳೆಯುವ ಸೆನ್ಸರ್ ಇರುವ ಮೊಬೈಲ್.
- 5 ಕೆ.ಜಿ. ತೂಗುವ ಹಾಗೆ ಪುಸ್ತಕ ತುಂಬಿದ ಬ್ಯಾಗು. ಒಳಗೆ ಏನೂ ಅಲ್ಲಾಡಬಾರದು, ಬಟ್ಟೆ ತುರುಕಿ ಬಿಗಿ ಮಾಡಿ.
- ಅಗಲ ತಳದ ಲೋಟ, ಮೊಬೈಲ್ ಇಡಲು ಗಟ್ಟಿ ರಟ್ಟಿನ ಪುಸ್ತಕ, ಅಳತೆ ಟೇಪು, ಅಂಟುಪಟ್ಟಿ, ನಾಣ್ಯ, ನೋಟ್‌ಬುಕ್ಕು, ಗಡಿಯಾರ.
- ಜೊತೆಗೆ ಒಬ್ಬರು.

ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದರ ಅಳತೆ ಸಾಮಾನ್ಯವಾಗಿ 32 ಡಿಗ್ರಿಯಿಂದ ಶುರು, ಅದೂ ಮುಟ್ಟಿದ ಗರಿಷ್ಠ ಅಂಕಿಯನ್ನೇ ಹಿಡಿದುಕೊಂಡು ಕೂರುತ್ತದೆ. ಬಿಸಿ ಇಳಿಯುವುದು ಅದಕ್ಕೆ ಕಾಣಿಸದು. ಗನ್ನಿನ ಹಾಗೆ ಹಿಡಿದು ಒತ್ತುವ ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇರಲಿ, ಆದರೆ ಅದು ನೋಡುವುದು ಮೇಲ್ಮೈಯನ್ನು ಮಾತ್ರ. ನೀವು ಮಲಗಿರುವಾಗ ಬೆನ್ನಡಿಯನ್ನು ಅದು ನೋಡಲಾರದು.

ಮೊಬೈಲಿಗೆ ಫೈಫಾಕ್ಸ್ ಎಂಬ ಉಚಿತ ಆಪ್ ಹಾಕಿಕೊಳ್ಳಿ. ಜರ್ಮನಿಯ ಆಖೆನ್ ನಗರದ ವಿಶ್ವವಿದ್ಯಾಲಯದವರು ಮಾಡಿದ್ದು. ಅದರಲ್ಲಿ ಗುರುತ್ವವನ್ನು ಕಳೆದು ಬರೀ ಅಲುಗಾಟ ತೋರಿಸುವ ಆಯ್ಕೆ ಇದೆ, ನಮಗೆ ಬೇಕಾದ್ದು ಅದೇ. ಶುರುವಾಗುವ ಮುಂಚೆ ಕೆಲವು ಸೆಕೆಂಡು ಕಾಯುವಂತೆ ಸಮಯ ಹೊಂದಿಸಬಹುದು. ಇದನ್ನು ಬಳಸಿ. ಇಲ್ಲದಿದ್ದರೆ ನೀವು ಬಟನ್ ಒತ್ತಿದ ಅಲುಗಾಟವೇ ದಾಖಲಾಗುತ್ತದೆ.

## ಹಂತ 1: ಹಾಸಿಗೆ ಮತ್ತು ಕೋಣೆ ಅಣಿ ಮಾಡಿ

ಸುರುಳಿ ಸುತ್ತಿ, ಗಾಳಿ ತೆಗೆದು ಪ್ಯಾಕ್ ಮಾಡಿ ಬಂದ ಹಾಸಿಗೆಯನ್ನು ಬಿಚ್ಚಿದ ದಿನವೇ ಪರೀಕ್ಷಿಸಬೇಡಿ. ಪೂರ್ತಿ ಉಬ್ಬಲು ಎರಡು ಮೂರು ದಿನ ಬಿಡಿ. ನಾಲ್ಕೂ ಮೂಲೆಯಲ್ಲಿ ಮತ್ತು ನಡುವೆ ದಪ್ಪ ಅಳೆದು ಬರೆದಿಡಿ. ಎರಡು ದಿನ ಬಿಟ್ಟು ಅಳೆದಾಗ ಅಂಕಿ ಬದಲಾಗಿಲ್ಲ ಎಂದರೆ ಸಿದ್ಧ.

ಬಳಸುತ್ತಿರುವ ಹಾಸಿಗೆಯಾದರೆ ಶೀಟು, ಪ್ರೊಟೆಕ್ಟರ್ ಎಲ್ಲ ತೆಗೆದು ನಾಲ್ಕು ಗಂಟೆ ಗಾಳಿಗೆ ಬಿಡಿ. ನಿನ್ನೆ ರಾತ್ರಿಯ ತೇವ ಒಳಗೇ ಇದ್ದರೆ ಇವತ್ತಿನ ಅಂಕಿಯಲ್ಲಿ ಅದೂ ಸೇರಿಕೊಳ್ಳುತ್ತದೆ.

ಕೋಣೆಯ ಬಿಸಿ ಪರೀಕ್ಷೆಯ ಉದ್ದಕ್ಕೂ ಒಂದು ಡಿಗ್ರಿಗಿಂತ ಜಾಸ್ತಿ ಏರಿಳಿಯಬಾರದು. ಫ್ಯಾನು, ಏಸಿ ರಾತ್ರಿ ಹೇಗೆ ಇಟ್ಟುಕೊಳ್ಳುತ್ತೀರೋ ಹಾಗೇ ಇಡಿ, ನಡುವೆ ಮುಟ್ಟಬೇಡಿ. ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೆ ಬೀಳುವ ಹೊತ್ತಿನಲ್ಲಂತೂ ಬೇಡವೇ ಬೇಡ.

## ಹಂತ 2: ಮಂಚವನ್ನು ಲೆಕ್ಕದಿಂದ ಹೊರಗಿಡಿ

ಇದನ್ನು ಬಿಡುವವರೇ ಹೆಚ್ಚು. ನನ್ನ ಅನುಭವದಲ್ಲಿ ಅಲುಗಾಟದ ದೂರಿನ ದೊಡ್ಡ ಪಾಲು ಮಂಚದ್ದು.

ಹಾಸಿಗೆ ಇಳಿಸಿ. ಖಾಲಿ ಮಂಚದ ಒಂದು ಮೂಲೆಯನ್ನು ಕೈಯಿಂದ ಒತ್ತಿ ಬಿಡಿ. ಎದುರಿನ ಮೂಲೆ ಎದ್ದು ಕೂತಿತಾ? ಹಾಗಾದರೆ ಒಂದು ಕಾಲು ನೆಲಕ್ಕೆ ಸರಿಯಾಗಿ ಕೂತಿಲ್ಲ. ಒಂದೊಂದು ಕಾಲಿನ ಕೆಳಗೂ ಕಾಗದ ತೂರಿಸಿ ನೋಡಿ, ಸಲೀಸಾಗಿ ಹೋದ ಕಾಲಿಗೆ ಮಡಿಸಿದ ರಟ್ಟು ಕೊಡಿ. ಬೋಲ್ಟುಗಳನ್ನು ಬಿಗಿ ಮಾಡಿ. ಅಡ್ಡಪಟ್ಟಿ ಇರುವ ಮಂಚವಾದರೆ ಪ್ರತಿ ಪಟ್ಟಿಯನ್ನೂ ಒತ್ತಿ ನೋಡಿ. ಬಿರುಕು ಬಿಟ್ಟದ್ದು, ಜಾಗದಲ್ಲಿ ಕುಣಿಯುವುದು ಕೈಗೇ ಗೊತ್ತಾಗುತ್ತದೆ. ಪಟ್ಟಿಗಳ ನಡುವಿನ ಸಂದು 7-8 ಸೆಂ.ಮೀ.ಗಿಂತ ಜಾಸ್ತಿ ಇದ್ದರೆ ಫೋಮ್ ಹಾಸಿಗೆ ಅಲ್ಲಿ ಜಗ್ಗುವ ಸಾಧ್ಯತೆ ಇರುತ್ತದೆ.

ಆಮೇಲೆ ಹಾಸಿಗೆಯನ್ನು ನೆಲಕ್ಕೆ ಹಾಕಿ. ಮುಂದಿನ ಹಂತದ ಅಲುಗಾಟದ ಪರೀಕ್ಷೆಯನ್ನು ಮೊದಲು ನೆಲದ ಮೇಲೆ, ನಂತರ ಮಂಚದ ಮೇಲೆ ಮಾಡಬೇಕು. ಎರಡರ ನಡುವಿನ ವ್ಯತ್ಯಾಸವೇ ಮಂಚದ ಪಾಲು. ಆದರೆ ಬಿಸಿಯ ಪರೀಕ್ಷೆ ನೆಲದ ಮೇಲೆ ಬೇಡ. ಕೆಳಗಿನಿಂದ ಗಾಳಿ ಆಡುವುದಿಲ್ಲ, ತೇವ ಅಡಿಯಲ್ಲೇ ನಿಲ್ಲುತ್ತದೆ. ಅದನ್ನು ನೀವು ನಿಜವಾಗಿ ಮಲಗುವ ಜಾಗದಲ್ಲೇ ಮಾಡಿ.

## ಹಂತ 3: ಹಾಸಿಗೆ ತಣ್ಣಗಿರುವಾಗ ಅಲುಗಾಟ

ಮೊದಲು ಅಲುಗಾಟ, ಆಮೇಲೆ ಬಿಸಿ. ಇದಕ್ಕೆ ಕಾರಣ ಇದೆ. ಮೆಮೊರಿ ಫೋಮ್ ಬಿಸಿ ತಗುಲಿದರೆ ಮೆತ್ತಗಾಗುತ್ತದೆ, ತಣ್ಣಗಾದರೆ ಬಿರುಸಾಗುತ್ತದೆ. ಅದರ ಮೇಲೆ ಒಂದು ಗಂಟೆ ಮಲಗಿ ಎದ್ದು ಅಲುಗಾಟ ಅಳೆದರೆ ನೀವು ಅಳೆಯುತ್ತಿರುವುದು ಬೇರೊಂದು ಹಾಸಿಗೆಯನ್ನೇ ಅಂದುಕೊಳ್ಳಿ. ಎರಡೂ ಸ್ಥಿತಿಯ ಅಂಕಿ ಬೇಕು, ಆದರೆ ತಣ್ಣಗಿನದು ಮೊದಲು.

ಒಬ್ಬರು ಮಲಗುವ ಬದಿಯಲ್ಲಿ ಸೊಂಟ ಬರುವ ಜಾಗಕ್ಕೆ ಅಂಟುಪಟ್ಟಿಯಿಂದ ಗುರುತು ಹಾಕಿ. ಅಲ್ಲಿಂದ ಅಡ್ಡಕ್ಕೆ 30, 60, 90 ಸೆಂ.ಮೀ. ದೂರದಲ್ಲಿ ಇನ್ನೂ ಮೂರು ಗುರುತು. ಮೊದಲ ಗುರುತಿನ ಮೇಲೆ ರಟ್ಟಿನ ಪುಸ್ತಕ, ಅದರ ಮೇಲೆ ಮೊಬೈಲ್. ಶೀಟಿನ ಸುಕ್ಕಿನ ಮೇಲೆ ಮೊಬೈಲನ್ನು ನೇರವಾಗಿ ಇಟ್ಟರೆ ಅದು ಸುಮ್ನೆ ಓಲಾಡುತ್ತದೆ.

ಮೊದಲು ಏನೂ ಮಾಡದೆ 30 ಸೆಕೆಂಡು ದಾಖಲಿಸಿ. ಕೋಣೆಯಲ್ಲಿ ನಡೆದಾಟ, ಪಕ್ಕದ ರಸ್ತೆಯ ಗಾಡಿ ಎಲ್ಲ ಸೇರಿ ಸ್ವಲ್ಪ ಗದ್ದಲ ಇದ್ದೇ ಇರುತ್ತದೆ. ಅದಕ್ಕಿಂತ ಮೇಲೆ ಎದ್ದದ್ದು ಮಾತ್ರ ನಮ್ಮ ಲೆಕ್ಕ.

ಈಗ ಬ್ಯಾಗನ್ನು 90 ಸೆಂ.ಮೀ. ಗುರುತಿನ ಮೇಲೆ ಸರಿಯಾಗಿ 10 ಸೆಂ.ಮೀ. ಎತ್ತರದಿಂದ ಬಿಡಿ. ಎಸೆಯಬೇಡಿ, ಕೈ ಬಿಡಿ ಅಷ್ಟೇ. ಐದು ಸಲ ಮಾಡಿ. ಮೊದಲನೆಯದನ್ನು ಕೈಬಿಡಿ, ಅದರಲ್ಲಿ ಶೀಟು ಸರಿದಿರುತ್ತದೆ. ಉಳಿದ ನಾಲ್ಕರಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ನಡುವಿನ ಎರಡರ ಸರಾಸರಿ ಬರೆಯಿರಿ. ಬರೆಯುವುದು ಎರಡು ಅಂಕಿ: ಆಪ್ ತೋರಿಸುವ ಅಲುಗಾಟದ ಗೆರೆ ಎಷ್ಟು ಎತ್ತರಕ್ಕೆ ಹೋಯಿತು, ಮತ್ತೆ ಗದ್ದಲದ ಮಟ್ಟಕ್ಕೆ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತು. ಇದನ್ನೇ 60ರಲ್ಲಿ, 30ರಲ್ಲಿ ಮಾಡಿ.

ಇದು ಖಾಲಿ ಹಾಸಿಗೆಯ ಅಂಕಿ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಹಾಸಿಗೆಯ ಇನ್ನೊಂದು ಬದಿಯಲ್ಲಿ ರಾತ್ರಿ ಮೊಬೈಲ್ ಮಲಗುವುದಿಲ್ಲ, ಮನುಷ್ಯ ಮಲಗುತ್ತಾನೆ. ಇನ್ನೂರು ಗ್ರಾಂ ತೂಕದ ವಸ್ತು ಕುಣಿಯುವುದಕ್ಕೂ ಅರವತ್ತು ಕಿಲೋ ಮೈ ಕುಲುಕುವುದಕ್ಕೂ ತುಂಬಾ ಅಂತರ. ಹಾಗಾಗಿ ಜೊತೆಯವರು ಗುರುತಿನ ಮೇಲೆ ಮಲಗಲಿ. ಪುಸ್ತಕ, ಮೊಬೈಲ್ ಅವರ ಸೊಂಟಕ್ಕೆ ತಾಗಿಕೊಂಡಂತೆ ಇರಲಿ. ಬ್ಯಾಗು ಬಿಡುವಾಗ ಅವರು ಐದು ಸೆಕೆಂಡು ಉಸಿರು ಹಿಡಿಯಲಿ, ಇಲ್ಲದಿದ್ದರೆ ಉಸಿರಾಟವೇ ಗೆರೆಯಲ್ಲಿ ಅಲೆ ಎಬ್ಬಿಸುತ್ತದೆ. ನಾನು ನಂಬುವುದು ಈ ಎರಡನೇ ಅಂಕಿಯನ್ನು.

ಮೊಬೈಲ್ ಬೇಡ ಎನ್ನುವವರಿಗೆ ನೀರಿನ ಲೋಟ ಇದೆ. ಪುಸ್ತಕದ ಮೇಲೆ ಲೋಟ, ಅದರಲ್ಲಿ ಮುಕ್ಕಾಲು ನೀರು. ಲೋಟ ಬಿತ್ತಾ ಇಲ್ಲವಾ ಎಂದು ನೋಡಬೇಡಿ. ಅಗಲ ತಳದ ಲೋಟ ಸುಲಭಕ್ಕೆ ಬೀಳುವುದೇ ಇಲ್ಲ. ನೋಡಬೇಕಾದ್ದು ನೀರಿನ ಮೇಲ್ಮೈ. ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಎದುರಿನ ಕಿಟಕಿಯ ಬೆಳಕು ನೀರಿನಲ್ಲಿ ಕಾಣುವ ಹಾಗೆ ಕೂರಿ. ಬ್ಯಾಗು ಬಿದ್ದ ಕೂಡಲೇ ಆ ಬೆಳಕಿನ ಗೆರೆ ಒಡೆದು ಚೂರಾಗುತ್ತದೆ. ಮೊದಲು ಸಣ್ಣ ನಡುಕ, ನಂತರ ನೀರು ಅಂಚಿನಿಂದ ಅಂಚಿಗೆ ನಿಧಾನವಾಗಿ ವಾಲುವುದು, ಕೊನೆಗೆ ಬೆಳಕು ಮತ್ತೆ ಒಂದೇ ಗೆರೆಯಾಗಿ ಕೂಡುವುದು. ಆ ಕೂಡುವ ಕ್ಷಣದವರೆಗೆ ಸೆಕೆಂಡು ಎಣಿಸಿ. ನೀರು ತನ್ನ ಪಾಡಿಗೂ ಸ್ವಲ್ಪ ಹೊತ್ತು ವಾಲಾಡುತ್ತದೆ, ಆದ್ದರಿಂದ ಈ ಎಣಿಕೆ ಹೋಲಿಕೆಗೆ ಮಾತ್ರ. ಪ್ರತಿ ಸಲವೂ ಅದೇ ಲೋಟ, ಅಷ್ಟೇ ನೀರು ಇರಲಿ.

ಬ್ಯಾಗು ಬೀಳುವುದು ಚುರುಕು ಅಲುಗಾಟ. ಮನುಷ್ಯ ಹೊರಳುವುದು ನಿಧಾನದ್ದು. ಅದಕ್ಕೆ ಇನ್ನೊಂದು ಸುತ್ತು ಬೇಕು: ಈ ಸಲ ನೀವು ಗುರುತಿನ ಮೇಲೆ ಮಲಗಿ, ಸಹಾಯಕರು ಇನ್ನೊಂದು ಬದಿಯ ಅಂಚಿನಲ್ಲಿ ಕೂತು ಏಳಲಿ, ಆಮೇಲೆ ಮಲಗಿ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ತಿರುಗಲಿ. ಬ್ಯಾಗಿನಲ್ಲಿ ಪಾಸಾದ ಹಾಸಿಗೆ ಇಲ್ಲಿ ಸೋಲಬಹುದು. ಒಂದಕ್ಕೊಂದು ತಂತಿಯಿಂದ ಹೆಣೆದ ಸ್ಪ್ರಿಂಗಿನ ಹಾಸಿಗೆಗಳಲ್ಲಿ ಈ ನಿಧಾನದ ತೂಗಾಟ ಎದ್ದು ಕಾಣುತ್ತದೆ.

## ಹಂತ 4: ನಾಣ್ಯ ಚಿಮ್ಮಿ ಮಾಡುವ ಪರೀಕ್ಷೆ

ಯಂತ್ರ ಹೇಳಿದ್ದು ಒಂದು, ಮೈಗೆ ಗೊತ್ತಾಗುವುದು ಇನ್ನೊಂದು. ಅದನ್ನು ನೋಡಲು ಈ ಸುತ್ತು.

ನೀವು ಮಲಗಿ, ಕಣ್ಣು ಮುಚ್ಚಿ, ಕಿವಿಗೆ ಇಯರ್‌ಫೋನ್ ಹಾಕಿ ಹಾಡು ಕೇಳಿ. ಸಹಾಯಕರು ಇನ್ನೊಂದು ಬದಿಯಲ್ಲಿ ಮಲಗಿ ನಿಮಗೆ ಗೊತ್ತಾಗದಂತೆ ನಾಣ್ಯ ಚಿಮ್ಮಲಿ. ತಲೆ ಬಿದ್ದರೆ ಒಮ್ಮೆ ಮಗ್ಗುಲು ಬದಲಿಸಬೇಕು, ಹೂವು ಬಿದ್ದರೆ ಅಲ್ಲಾಡದೆ ಇರಬೇಕು. ಆಮೇಲೆ ನಿಮ್ಮ ಕೈಯನ್ನು ಒಮ್ಮೆ ತಟ್ಟಿದರೆ ನೀವು "ಹೊರಳಿದರು" ಅಥವಾ "ಇಲ್ಲ" ಎಂದು ಹೇಳಬೇಕು. ನಾಣ್ಯ ಚಿಮ್ಮುವಾಗಿನ ಅಲುಗಾಟವೇ ಸುಳಿವು ಕೊಡುತ್ತದೆ ಅನ್ನಿಸಿದರೆ ಇಪ್ಪತ್ತು ಸಲದ ಫಲವನ್ನು ಮೊದಲೇ ಚಿಮ್ಮಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಅದೇ ಉತ್ತಮ.

ಇಪ್ಪತ್ತು ಸುತ್ತು ಮಾಡಿ. ಸುಮ್ನೆ ಊಹೆ ಮಾಡಿದರೂ ಹತ್ತರ ಹತ್ತಿರ ಸರಿ ಬರುತ್ತದೆ. 15 ಅಥವಾ ಅದಕ್ಕಿಂತ ಜಾಸ್ತಿ ಸರಿ ಬಂದರೆ ಅದು ಊಹೆಯಲ್ಲ. ಬರೀ ಅದೃಷ್ಟದಿಂದ ಹಾಗಾಗುವ ಸಾಧ್ಯತೆ ನೂರಕ್ಕೆ ಎರಡರಷ್ಟು ಮಾತ್ರ. ಎಚ್ಚರವಿರುವಾಗ ಗೊತ್ತಾದದ್ದೆಲ್ಲ ನಿದ್ದೆ ಕೆಡಿಸುವುದಿಲ್ಲ, ಅದು ನಿಜ. ಆದ್ದರಿಂದ ಪ್ರತಿ "ಹೊರಳಿದರು"ಗೂ ಎಷ್ಟು ಜೋರು ಎಂದು 1ರಿಂದ 3ರೊಳಗೆ ಅಂಕ ಕೊಡಿ. ಹೆಚ್ಚಿನವು 3 ಆಗಿದ್ದರೆ ತೊಂದರೆ ಇದೆ.

ಇಬ್ಬರ ತೂಕದಲ್ಲಿ ಅಂತರ ಇದ್ದರೆ ಜಾಗ ಬದಲಿಸಿ ಮತ್ತೆ ಮಾಡಿ. ಭಾರದವರು ಹೊರಳಿದಾಗ ಹಗುರದವರಿಗೆ ಆಗುವುದೇ ನಿಜವಾದ ಪರೀಕ್ಷೆ.

## ಹಂತ 5: ಒಂದು ಗಂಟೆಯ ಬಿಸಿ ಪರೀಕ್ಷೆ

ಊಟವಾದ ಕೂಡಲೇ, ಬಿಸಿನೀರು ಸ್ನಾನ ಮಾಡಿದ ಕೂಡಲೇ, ವ್ಯಾಯಾಮ ಮಾಡಿ ಬಂದ ಕೂಡಲೇ ಬೇಡ. ಮೈ ತಾನಾಗಿ ತಣ್ಣಗಾಗಲು ಒಂದೆರಡು ಗಂಟೆ ಕೊಡಿ. ರಾತ್ರಿ ಹಾಕುವ ಬಟ್ಟೆಯನ್ನೇ ಹಾಕಿಕೊಳ್ಳಿ. ಹೊದಿಕೆಯೂ ಅದೇ.

ಮೊದಲ ಸುತ್ತಿಗೆ ಪ್ರೊಟೆಕ್ಟರ್ ತೆಗೆದಿಡಿ. ಹಾಸಿಗೆಯ ಮೇಲೆ ಒಂದು ತೆಳು ಹತ್ತಿ ಶೀಟು ಮಾತ್ರ. ಥರ್ಮಾಮೀಟರಿನ ತುದಿಯನ್ನು ಶೀಟಿನ ಕೆಳಗೆ, ನಿಮ್ಮ ಸೊಂಟ ಬರುವಲ್ಲಿ ಇಟ್ಟು ಅಂಟುಪಟ್ಟಿ ಹಚ್ಚಿ. ತೇವಾಂಶದ ಮೀಟರನ್ನು ಬೆನ್ನು ಬಾಗಿ ಸಣ್ಣ ಪೊಳ್ಳು ಉಳಿಯುವ ಜಾಗದಲ್ಲಿ, ನಡುವಿನ ಕೆಳಗೆ ಇಡಿ. ಒತ್ತಿದರೆ ಚುಚ್ಚುವಂಥ ದೊಡ್ಡ ಮೀಟರಾದರೆ ಮೈಗೆ ತಾಗಿದಂತೆ ಪಕ್ಕಕ್ಕಿಟ್ಟು ಹೊದಿಕೆ ಮುಚ್ಚಿ. ಎರಡನೇ ಥರ್ಮಾಮೀಟರ್ ಕೋಣೆಯಲ್ಲಿ, ಹಾಸಿಗೆಯ ಎತ್ತರದಲ್ಲಿ ಇರಲಿ.

ಅಂಗಾತ ಮಲಗಿ. 0, 5, 10, 20, 30, 45, 60ನೇ ನಿಮಿಷಕ್ಕೆ ಅಂಕಿ ಬರೆಯುವುದು ಸಹಾಯಕರ ಕೆಲಸ. ನೀವೇ ಎದ್ದು ನೋಡಿದರೆ ಒಳಗಿನ ಬಿಸಿಗಾಳಿ ಹೊರಗೆ ಹೋಗಿ ಲೆಕ್ಕ ತಪ್ಪುತ್ತದೆ. ಜೊತೆಗೆ ನಿಮಗೆ ಹೇಗನ್ನಿಸುತ್ತಿದೆ ಎಂದೂ ಒಂದೊಂದು ಮಾತು ಹೇಳಿ, ಅದನ್ನೂ ಬರೆಯಲಿ: ತಂಪು, ಹಿತ, ಬೆಚ್ಚಗೆ, ಸೆಕೆ, ಬೆವರು.

ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ಮೊದಲ ಹತ್ತು ಹದಿನೈದು ನಿಮಿಷ ಅಂಕಿ ಸರಸರ ಏರುತ್ತದೆ. ಇದು ಎಲ್ಲ ಹಾಸಿಗೆಯಲ್ಲೂ ಆಗುವುದೇ. ಚರ್ಮದ ಬಿಸಿ 33-34 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಒತ್ತಿ ಕೂತ ಜಾಗ ಅದರ ಹತ್ತಿರ ಹತ್ತಿರ ಬಂದೇ ಬರುತ್ತದೆ. ಹಾಗಾಗಿ ಬೆನ್ನಡಿಯ ಅಂಕಿಯಲ್ಲಿ ಎರಡು ಹಾಸಿಗೆಗಳ ನಡುವೆ ಐದಾರು ಡಿಗ್ರಿ ಅಂತರ ಹುಡುಕಬೇಡಿ, ಸಿಗುವುದಿಲ್ಲ. ಒಂದು ಡಿಗ್ರಿ ಕೂಡ ಇಲ್ಲಿ ದೊಡ್ಡದೇ. ನೋಡಬೇಕಾದ್ದು 30ನೇ ನಿಮಿಷದಿಂದ 60ನೇ ನಿಮಿಷದವರೆಗಿನ ನಡೆ. ಗೆರೆ ಮಟ್ಟವಾಯಿತಾ, ಇನ್ನೂ ಏರುತ್ತಲೇ ಇದೆಯಾ? ಏರುತ್ತಿದ್ದರೆ 90 ನಿಮಿಷದವರೆಗೆ ಮುಂದುವರಿಸಿ.

ತೇವಾಂಶದ ಅಂಕಿಯನ್ನು ಅದಕ್ಕಿಂತಲೂ ಗಮನವಿಟ್ಟು ನೋಡಿ. ಒಂದೇ ಬಿಸಿಯಲ್ಲಿ ಒಣಗಿದ್ದರೆ ಹಿತ, ತೇವ ನಿಂತರೆ ಅಂಟು ಅಂಟು. ಬಿಸಿ ಮಟ್ಟವಾಗಿ ತೇವ ಮಾತ್ರ ಏರುತ್ತಾ ಹೋಗುವ ಹಾಸಿಗೆಯಲ್ಲಿ "ಸೆಕೆ" ಎಂಬ ಮಾತು ಸಾಮಾನ್ಯವಾಗಿ ಅದರ ಬೆನ್ನಿಗೇ ಬರುತ್ತದೆ.

ಒಂದು ಗಂಟೆ ಮಲಗಲು ಬೇಜಾರು ಎಂದು ಬಿಸಿನೀರಿನ ಚೀಲ ಇಟ್ಟು ನೋಡುವವರಿದ್ದಾರೆ. ಒಂದು ಸಣ್ಣ ಲೆಕ್ಕ ಕೇಳಿ. 2 ಲೀಟರ್ ನೀರು 40 ಡಿಗ್ರಿಯಿಂದ 36ಕ್ಕೆ ಇಳಿದಾಗ ಕೊಡುವ ಶಾಖ ಸುಮಾರು 34 ಕಿಲೋಜೂಲ್. ನಿಮ್ಮ ಮೈ ಅಷ್ಟನ್ನು ಎಂಟು ನಿಮಿಷದಲ್ಲಿ ಕೊಟ್ಟುಬಿಡುತ್ತದೆ. ಚೀಲದ ಶಾಖ ಮುಗಿದುಹೋಗುತ್ತದೆ, ಮೈಯದು ಮುಗಿಯುವುದಿಲ್ಲ. ಚೀಲಕ್ಕೆ ಬೆವರೂ ಬರುವುದಿಲ್ಲ. ಕುದಿಯುವ ನೀರಿನ ಚೀಲವಂತೂ ಫೋಮಿಗೂ ಮೈಗೂ ಅಪಾಯ. ವಿದ್ಯುತ್ತಿನ ಹೀಟಿಂಗ್ ಪ್ಯಾಡನ್ನು ಭಾರದ ಕೆಳಗೆ ಒತ್ತಿ ಇಟ್ಟು ಪರೀಕ್ಷೆ ಮಾಡುವ ಕೆಲಸವನ್ನು ಖಂಡಿತ ಮಾಡಬೇಡಿ.

## ಹಂತ 6: ಬಿಸಿ ಆರುವುದನ್ನು ಅಳೆಯಿರಿ

ಕೊನೆಯ ಅಂಕಿ ಬರೆದ ಕೂಡಲೇ ಎದ್ದುಬಿಡಿ, ಹೊದಿಕೆ ತೆಗೆಯಿರಿ. ಶೀಟು, ಥರ್ಮಾಮೀಟರ್ ಹಾಗೇ ಇರಲಿ.

ಕೋಣೆಯ ಬಿಸಿಗಿಂತ ಹಾಸಿಗೆ ಎಷ್ಟು ಜಾಸ್ತಿ ಇತ್ತು ನೋಡಿ, ಅದರ ಅರ್ಧಕ್ಕೆ ಇಳಿಯಲು ಎಷ್ಟು ನಿಮಿಷ ಬೇಕಾಯಿತು ಬರೆಯಿರಿ. ಕೋಣೆ 26, ಹಾಸಿಗೆ 34 ಇದ್ದರೆ ಹೆಚ್ಚಳ 8. ಅರ್ಧ ಎಂದರೆ 4. ಹಾಗಾಗಿ 30 ಡಿಗ್ರಿ ಮುಟ್ಟುವ ಹೊತ್ತು ಬೇಕು. ಎಲ್ಲ ಹಂತಗಳಲ್ಲಿ ಒಂದೇ ಒಂದು ಅಂಕಿ ಉಳಿಸಿಕೊಳ್ಳಿ ಅಂದರೆ ನಾನು ಉಳಿಸಿಕೊಳ್ಳುವುದು ಇದನ್ನು. ರಾತ್ರಿ ನೀವು ಪಕ್ಕಕ್ಕೆ ಸರಿದು ಮತ್ತೆ ಹಳೆಯ ಜಾಗಕ್ಕೆ ಬರುತ್ತೀರಲ್ಲ, ಆಗ ಆ ಜಾಗ ಕಾದಿರುತ್ತದಾ ಆರಿರುತ್ತದಾ ಎಂಬುದು ಇದರಲ್ಲೇ ಇದೆ.

ಇದೇ ಪರೀಕ್ಷೆಯನ್ನು ಮನೆಯ ಇನ್ನೊಂದು ಹಾಸಿಗೆಯ ಮೇಲೂ ಮಾಡಿ. ಇಷ್ಟು ನಿಮಿಷ ಒಳ್ಳೆಯದು, ಇಷ್ಟು ಕೆಟ್ಟದ್ದು ಎಂಬ ಒಂದು ಗೆರೆ ಎಲ್ಲರಿಗೂ ಹೊಂದುವುದಿಲ್ಲ. ನೀವು ಹಾಯಾಗಿ ಮಲಗಿ ಬಲ್ಲ ಹಾಸಿಗೆಯ ಅಂಕಿಯೇ ನಿಮಗೆ ಅಳತೆಗೋಲು.

## ಹಂತ 7: ಬೆಚ್ಚಗಿರುವಾಗಲೇ ಅಲುಗಾಟ ಮತ್ತೊಮ್ಮೆ

ಇದು ಇನ್ನೊಂದು ದಿನದ ಕೆಲಸ. ಇಬ್ಬರೂ ತಮ್ಮ ತಮ್ಮ ಬದಿಯಲ್ಲಿ ಒಂದು ಗಂಟೆ ಮಲಗಿ. ಆಮೇಲೆ ಒಬ್ಬರು ಎದ್ದು ಐದು ನಿಮಿಷದೊಳಗೆ 90 ಸೆಂ.ಮೀ. ಗುರುತಿನಲ್ಲಿ ಬ್ಯಾಗಿನ ಪರೀಕ್ಷೆ, ಹೊರಳುವ ಪರೀಕ್ಷೆ ಮುಗಿಸಬೇಕು. ಮೊಬೈಲ್, ಬ್ಯಾಗು ಎಲ್ಲ ಕೈಗೆ ಸಿಗುವಂತೆ ಮೊದಲೇ ಇಟ್ಟುಕೊಳ್ಳಿ.

ಲೇಟೆಕ್ಸ್ (ರಬ್ಬರಿನ ಫೋಮ್), ಸ್ಪ್ರಿಂಗ್, ನಾರಿನ ಹಾಸಿಗೆಗಳಲ್ಲಿ ಮೂರನೇ ಹಂತದ ಅಂಕಿಗೂ ಇದಕ್ಕೂ ಹೆಚ್ಚು ಅಂತರ ಇರುವುದಿಲ್ಲ. ಮೆಮೊರಿ ಫೋಮಿನಲ್ಲಿ ಇರುತ್ತದೆ. ಬೆಚ್ಚಗಾದ ಮೇಲೆ ಅದು ಮೆತ್ತಗಾಗಿ ಮೈಯನ್ನು ಹೆಚ್ಚು ಒಳಗೆಳೆದುಕೊಳ್ಳುತ್ತದೆ. ಆ ತಗ್ಗಿನಿಂದ ಹೊರಳಿ ಹೊರಬರಲು ಜಾಸ್ತಿ ಬಲ ಹಾಕಬೇಕು. ಇದನ್ನೂ ನೋಡಿ: ಅಂಗಾತದಿಂದ ಮಗ್ಗುಲಿಗೆ ತಿರುಗಲು ಮೊಣಕೈ ಊರಬೇಕಾಯಿತಾ? ಊರಬೇಕಾಗಿದ್ದರೆ ನಡುರಾತ್ರಿ ಹೊರಳುವಾಗ ಎಚ್ಚರವಾಗುವುದು ನೀವೇ, ಪಕ್ಕದವರಲ್ಲ.

## ಹಂತ 8: ಪದರ ಪದರವಾಗಿ ಸೇರಿಸಿ

ಈಗ ಪ್ರೊಟೆಕ್ಟರ್ ಹಾಕಿ ಐದು ಮತ್ತು ಆರನೇ ಹಂತ ಮತ್ತೆ ಮಾಡಿ. ಬೇರೆ ಏನೂ ಬದಲಿಸಬೇಡಿ. ಇನ್ನೊಂದು ದಿನ ನಿಮ್ಮ ಮಾಮೂಲಿ ಶೀಟು. ಮತ್ತೊಂದು ದಿನ ಮೇಲೆ ಹಾಸುವ ತೆಳು ಹಾಸಿಗೆ ಇದ್ದರೆ ಅದು. ಒಂದು ಸಲಕ್ಕೆ ಒಂದೇ ಬದಲಾವಣೆ.

ಪ್ರೊಟೆಕ್ಟರ್ ತೇವ ಬಿಡುತ್ತದಾ ಎಂದು ನೋಡಲು ಊದಿ ನೋಡಿದರೆ ಸಾಲದು. ಗಾಳಿ ಬಿಡದಿದ್ದರೂ ಆವಿ ಬಿಡುವ ತೆಳು ಪದರಗಳಿವೆ. ನಾನು ಮಾಡುವುದು ಹೀಗೆ. ಒಂದು ಲೋಟಕ್ಕೆ ಬಿಸಿನೀರು ಹಾಕಿ, ಕುದಿಯುವುದು ಬೇಡ. ಪ್ರೊಟೆಕ್ಟರಿನ ಒಂದು ಮೂಲೆಯನ್ನು ಬಾಯಿಗೆ ಬಿಗಿಯಾಗಿ ಹಿಡಿದು, ಅದರ ಮೇಲೆ ತಣ್ಣಗಿನ ಕನ್ನಡಿ ಬೋರಲು ಇಡಿ. ಒಂದೆರಡು ನಿಮಿಷದಲ್ಲಿ ಕನ್ನಡಿಯ ಮೇಲೆ ಲೋಟದ ಬಾಯಿಯಷ್ಟೇ ಅಗಲದ ಮಂಜು ಮೂಡಿದರೆ ಆವಿ ದಾಟುತ್ತಿದೆ. ನನ್ನ ಮನೆಯ ಹಳೆಯ ಪ್ರೊಟೆಕ್ಟರಿನಲ್ಲಿ ಕನ್ನಡಿ ಫಳಫಳ ಹೊಳೆಯುತ್ತಲೇ ಇತ್ತು. ಬಟ್ಟೆ ಎತ್ತಿ ಒಳಮೈ ನೋಡಿದರೆ ಸಣ್ಣ ಸಣ್ಣ ಹನಿ ಸಾಲಾಗಿ ಕೂತಿದ್ದವು. ಎರಡು ವರ್ಷ ನಾನು ಬೈದದ್ದು ಹಾಸಿಗೆಯನ್ನು.

## ಹಂತ 9: ಮೂರು ರಾತ್ರಿ

ಸತತ ಮೂರು ರಾತ್ರಿ ಮಾಮೂಲಿಯಂತೆ ಮಲಗಿ. ಬೆಳಿಗ್ಗೆ ಎದ್ದ ತಕ್ಷಣ, ಮಾತಾಡುವ ಮುಂಚೆ, ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ: ಎಷ್ಟು ಸಲ ಎಚ್ಚರವಾಯಿತು, ಸೆಕೆಗಾ, ಅಲುಗಾಟಕ್ಕಾ, ಬೇರೆ ಕಾರಣಕ್ಕಾ. ಮಾತಾಡಿದ ಮೇಲೆ ಬರೆದರೆ ಒಬ್ಬರ ನೆನಪು ಇನ್ನೊಬ್ಬರದಕ್ಕೆ ಅಂಟಿಕೊಳ್ಳುತ್ತದೆ.

## ಅಪಾಯದ ಸೂಚನೆ ಕಂಡರೆ

ಪರೀಕ್ಷೆಯ ನಡುವೆ ಇವು ಕಂಡರೆ ಅಂಕಿ ಬರೆಯುವುದನ್ನು ನಿಲ್ಲಿಸಿ ಮೊದಲು ಇವನ್ನು ನೋಡಿ.

ಹಾಸಿಗೆ ಎತ್ತಿದಾಗ ಅಡಿಮೈ ಒದ್ದೆ, ಮುಗ್ಗಲು ವಾಸನೆ ಅಥವಾ ಕಪ್ಪು ಚುಕ್ಕೆಗಳಿದ್ದರೆ ಬೂಷ್ಟು ಹಿಡಿದಿದೆ. ಒಳಗೆ ಹಿಡಿದ ಬೂಷ್ಟು ಮೇಲೆ ಒರೆಸಿದರೆ ಹೋಗುವುದಿಲ್ಲ.

ಯಾರೂ ಮಲಗಿಲ್ಲದಾಗಲೂ ತಗ್ಗು ಕಾಣುತ್ತಿದೆಯಾ? ಅಡ್ಡಕ್ಕೆ ಒಂದು ನೇರ ಕೋಲು ಇಟ್ಟು ಕೆಳಗಿನ ಸಂದು ಅಳೆಯಿರಿ. ಎರಡು ಮೂರು ಸೆಂ.ಮೀ. ಇದ್ದರೆ ಫೋಮ್ ಸತ್ತಿದೆ ಅಥವಾ ಸ್ಪ್ರಿಂಗ್ ಕುಸಿದಿದೆ. ಆಗ ಬಿಸಿಯ ಅಂಕಿಯೂ ಕೆಡುತ್ತದೆ, ಏಕೆಂದರೆ ತಗ್ಗಿನಲ್ಲಿ ಹುದುಗಿದ ಮೈಯ ಸುತ್ತ ಗಾಳಿ ಆಡುವುದಿಲ್ಲ.

ಒಳಗೆ ಏನಿದೆ ನೋಡೋಣ ಎಂದು ಹೊರಕವಚದ ಜಿಪ್ ಬಿಚ್ಚಬೇಡಿ. ಕೆಲವು ಹಾಸಿಗೆಗಳಲ್ಲಿ ಬೆಂಕಿ ತಡೆಯಲು ಗಾಜಿನ ನೂಲಿನ ಪದರ ಇರುತ್ತದೆ. ಅದು ಹೊರಬಿದ್ದರೆ ಚರ್ಮಕ್ಕೆ ಚುಚ್ಚುತ್ತದೆ, ಕೋಣೆಯೆಲ್ಲ ಹರಡುತ್ತದೆ. ತೆಗೆದು ಒಗೆಯಬಹುದು ಎಂದು ಲೇಬಲಿನಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ತೆಗೆಯಿರಿ.

ಯಾವ ಹಾಸಿಗೆಯ ಮೇಲೆ ಮಲಗಿದರೂ, ತಂಪು ಕೋಣೆಯಲ್ಲೂ, ಬಟ್ಟೆ ಬದಲಿಸುವಷ್ಟು ಬೆವರುತ್ತಿದ್ದರೆ ವೈದ್ಯರನ್ನು ಕಾಣಿ. ಅದಕ್ಕೆ ಹಾಸಿಗೆ ಕಾರಣ ಇರಲಿಕ್ಕಿಲ್ಲ.

## ಅಂಕಿ ನೋಡಿ ಮುಂದೇನು?

ನೆಲದ ಮೇಲೆ ಚೆನ್ನಾಗಿದ್ದು ಮಂಚದ ಮೇಲೆ ಅಲುಗಿದರೆ ಮಂಚ ರಿಪೇರಿ ಮಾಡಿಸಿ. ಪ್ರೊಟೆಕ್ಟರ್ ಇಲ್ಲದೆ ಬೇಗ ಆರಿ, ಹಾಕಿದ ಮೇಲೆ ಆರದಿದ್ದರೆ ಪ್ರೊಟೆಕ್ಟರ್ ಬದಲಿಸಿ. ಇವೆರಡಕ್ಕೂ ಹಾಸಿಗೆ ವಾಪಸ್ ಮಾಡಬೇಕಿಲ್ಲ.

ತೆಳು ಶೀಟಿನಲ್ಲೂ ಬಿಸಿ ಏರುತ್ತಲೇ ಇದ್ದು, ಆರಲು ನಿಮ್ಮ ಹಳೆಯ ಹಾಸಿಗೆಗಿಂತ ದುಪ್ಪಟ್ಟು ಹೊತ್ತು ಹಿಡಿದರೆ ಅದು ಹಾಸಿಗೆಯ ಗುಣವೇ. ಮೇಲೆ ಇನ್ನೊಂದು ಫೋಮ್ ಹಾಸಿ ತಂಪು ಮಾಡುವ ಆಸೆ ಬಿಡಿ. ದಪ್ಪ ಹೆಚ್ಚಾದಷ್ಟೂ ಶಾಖಕ್ಕೆ ದಾರಿ ಉದ್ದವಾಗುತ್ತದೆ.

ಅಲುಗಾಟ ಮಾತ್ರ ತೊಂದರೆ, ಬಿಸಿ ಚೆನ್ನಾಗಿದೆ ಎಂದರೆ ಎರಡು ಒಂಟಿ ಹಾಸಿಗೆಗಳನ್ನು ಪಕ್ಕಪಕ್ಕ ಹಾಕುವುದು ಎಲ್ಲಕ್ಕಿಂತ ನಿಜವಾದ ಪರಿಹಾರ. ನಡುವಿನ ಸಂದು ಅಲುಗಾಟವನ್ನು ಅಲ್ಲೇ ಕಡಿಯುತ್ತದೆ. ಒಂದೇ ಹಾಸಿಗೆ ಬೇಕು ಎನ್ನುವವರು ಒಂದೊಂದು ಸ್ಪ್ರಿಂಗಿಗೂ ಬೇರೆ ಬಟ್ಟೆ ಚೀಲ ಇರುವಂಥದ್ದು ಅಥವಾ ಲೇಟೆಕ್ಸ್ ನೋಡಿ. ಮೆಮೊರಿ ಫೋಮ್ ಅಲುಗಾಟ ತಡೆಯುವುದರಲ್ಲಿ ಮುಂದು, ಆದರೆ ಸೆಕೆಯವರಿಗೆ ಅದನ್ನು ನಾನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಇನ್ನೂ ಕೊಂಡಿಲ್ಲ, ಅಂಗಡಿಯಲ್ಲೇ ನೋಡಬೇಕು ಎಂದರೆ ಇಬ್ಬರೂ ಹೋಗಿ. ಕನಿಷ್ಠ 20 ನಿಮಿಷ ಅಲ್ಲಾಡದೆ ಮಲಗಿ, ಎದ್ದ ಕೂಡಲೇ ಮಲಗಿದ್ದ ಜಾಗಕ್ಕೂ ಪಕ್ಕದ ಜಾಗಕ್ಕೂ ಅಂಗೈ ಇಟ್ಟು ನೋಡಿ. ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಎರಡೂ ಜಾಗ ಒಂದೇ ಥರ ಅನ್ನಿಸುವಷ್ಟರಲ್ಲಿ ಎಷ್ಟು ಹೊತ್ತಾಯಿತು ಎಂದು ಬರೆದುಕೊಳ್ಳಿ. ವಾಪಸ್ ಕೊಡಲು ಎಷ್ಟು ದಿನ ಅವಕಾಶ ಇದೆ ಎಂದು ಅಲ್ಲೇ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಮನೆಯ ಒಂಬತ್ತು ಹಂತಗಳಿಗೆ ಎರಡು ವಾರ ಬೇಕಾಗುತ್ತದೆ. ಆ ಗಡುವಿಗೆ ಮುಂಚೆ ಮುಗಿಯುವ ಹಾಗೆ ಮೊದಲ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.